ಅಖಾಡಕ್ಕೆ ಇಳಿಯದವನು

‘ಕಿಲ್ಲರ್ ಇನ್‌ಸ್ಟಿಂಕ್ಟ್’ ಎಂಬ ಆರ್ಕೇಡ್ ಫೈಟಿಂಗ್ ಗೇಮ್ ಬಂದದ್ದು 1994ರಲ್ಲಿ. ಮಾಡಿದ್ದು ಇಂಗ್ಲೆಂಡಿನ ರೇರ್ ಕಂಪನಿ. ನಾಣ್ಯ ಹಾಕಿ ನಿಂತು ಆಡುವ ಆ ಯಂತ್ರವನ್ನು ನಾನು ಕಣ್ಣಾರೆ ಕಂಡವನಲ್ಲ. ಎಷ್ಟೋ ವರ್ಷಗಳ ನಂತರ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಹಾಕಿಕೊಂಡು ಆಡಿದವನು.

ಆಟ ಹೆಸರು ಮಾಡಿದ್ದು ಕಾಂಬೋಗಳಿಂದ. ಒಂದರ ಹಿಂದೊಂದು ಏಟು ಬೀಳುತ್ತಿದ್ದರೆ ಪರದೆಯ ಮೇಲೆ ಲೆಕ್ಕ ಬರುತ್ತದೆ, ಕೂಗುವವನ ದನಿ ಏರುತ್ತದೆ. ಏಟು ತಿನ್ನುವವನಿಗೂ ಒಂದು ದಾರಿಯಿದೆ. ಸರಿಯಾದ ಕ್ಷಣಕ್ಕೆ ಸರಿಯಾದ ಪಟ್ಟು ಹಾಕಿದರೆ ‘ಕಾಂಬೋ ಬ್ರೇಕರ್’, ಸರಪಳಿ ಅಲ್ಲಿಗೆ ತುಂಡು. ಇನ್ನೊಂದು ನಿಯಮ ನನಗೆ ಬಹಳ ನಿಜ ಅನ್ನಿಸಿತು. ‘ಸ್ಟ್ರೀಟ್ ಫೈಟರ್ 2’ರಲ್ಲಿ ಸುತ್ತು ಮುಗಿದರೆ ಇಬ್ಬರಿಗೂ ಪೂರ್ತಿ ಶಕ್ತಿ ಮರಳಿ ಸಿಗುತ್ತದೆ. ಇಲ್ಲಿ ಹಾಗಲ್ಲ. ಒಬ್ಬೊಬ್ಬರಿಗೆ ಎರಡೆರಡು ಶಕ್ತಿಪಟ್ಟಿ. ಮೊದಲನೆಯದನ್ನು ಕಳೆದುಕೊಂಡವನು ಎದ್ದು ನಿಂತಾಗಲೂ ಗೆದ್ದವನು ಉಳಿಸಿಕೊಂಡಿದ್ದು ಅವನ ಬಳಿಯೇ ಇರುತ್ತದೆ. ಸಮಬಲದ ಹೊಸ ಆರಂಭ ಯಾರಿಗೂ ಇಲ್ಲ.

ಆದರೆ ನನ್ನನ್ನು ಹಿಡಿದಿಟ್ಟದ್ದು ಕಥೆ. ಭವಿಷ್ಯದ ಲೋಕ, ಅಲ್ಟ್ರಾಟೆಕ್ ಎಂಬ ದೈತ್ಯ ಕಂಪನಿ ನಡೆಸುವ ಪಂದ್ಯ. ಗ್ಲೇಸಿಯಸ್ ಭೂಮಿಗೆ ಬಿದ್ದು ಕಂಪನಿಯ ಸೆರೆಯಾದ ಅನ್ಯಗ್ರಹದವನು. ಸಿಂಡರ್ ಒಬ್ಬ ಕೈದಿ, ಕಂಪನಿಯ ಪ್ರಯೋಗಕ್ಕೆ ಮೈಯೊಡ್ಡಿ ಬೆಂಕಿಯಾದವನು. ಗ್ಲೇಸಿಯಸ್‌ನನ್ನು ಸೋಲಿಸಿದರೆ ಅವನಿಗೆ ಬಿಡುಗಡೆಯಂತೆ. ತೋಳಮನುಷ್ಯ ಸೇಬರ್‌ವುಲ್ಫ್‌ಗೆ ರೋಗ ವಾಸಿ ಮಾಡುವ ಆಸೆ ತೋರಿಸಿದ್ದಾರೆ. ಕಾಣೆಯಾದ ಒಡಹುಟ್ಟಿದವನನ್ನು ಹುಡುಕಿಕೊಂಡು ಬಂದವನು ಥಂಡರ್. ಕೊನೆಗೆ ಎದುರಾಗುವ ಎರಡು ತಲೆಯ ರಾಕ್ಷಸ ಐಡಾಲ್‌ನನ್ನೂ ಬೇರೆ ಲೋಕದಿಂದ ತಂದದ್ದು ಕಂಪನಿಯೇ. ಪಂದ್ಯ ಹೂಡಿದವರು ಮಾತ್ರ ಅಖಾಡಕ್ಕೆ ಇಳಿಯುವುದಿಲ್ಲ. ಎಷ್ಟು ನಾಣ್ಯ ಹಾಕಿದರೂ ಅವರಿಗೆ ಒಂದೇಟು ಬೀಳುವುದಿಲ್ಲ.

ಜಿಲ್ಲೆಯ ಸುದ್ದಿ ಬರೆಯುವಾಗ ಈ ಕಥೆ ಆಗಾಗ ನೆನಪಾಗುತ್ತದೆ. ನಾಲೆಯ ಕೊನೆ ಭಾಗದ ಎರಡು ಊರಿನವರು ನೀರಿಗಾಗಿ ಬಡಿದಾಡಿಕೊಂಡರೆ ಡೆಸ್ಕ್‌ನಿಂದ ಬರುವ ಮೊದಲ ಪ್ರಶ್ನೆ, ‘ಎಷ್ಟು ಜನಕ್ಕೆ ಗಾಯ?’ ಪರದೆಯ ಮೇಲಿನ ಏಟಿನ ಲೆಕ್ಕದ ಹಾಗೆ. ಸಂಖ್ಯೆ ಕೊಡಲೇಬೇಕು, ಕೊಡುತ್ತೇನೆ. ಜೊತೆಗೆ, ಮೇಲಿನ ತೂಬಿನ ಬೀಗದ ಕೈ ಯಾರ ಹತ್ತಿರ ಇತ್ತು ಎಂದು ವಿಚಾರಿಸಿ ಅದನ್ನೂ ಬರೆಯುತ್ತೇನೆ. ಜಾಗ ಕಡಿಮೆಯಾದರೆ ಮೊದಲು ಕತ್ತರಿ ಬೀಳುವುದು ಆ ಸಾಲಿಗೇ. ಮರುದಿನದ ಫಾಲೋಅಪ್‌ನಲ್ಲಿ ಅದನ್ನೇ ಮೊದಲ ಸಾಲು ಮಾಡಿ ಕಳಿಸುತ್ತೇನೆ.