ಬಾಯ್ಲರಿನ ಹೊಟ್ಟೆಯೊಳಗೆ

ಮದುವೆಮನೆಯಲ್ಲಿ ಪಂಕ್ತಿಗೆ ಕಾಯುತ್ತ ಕೂತಿದ್ದಾಗ ಚಿಕ್ಕಮ್ಮ ಮೊಮ್ಮಗುವಿನ ನಾಮಕರಣದ ಫೋಟೋ ನೋಡಬೇಕೆಂದು ನನ್ನ ಮೊಬೈಲ್ ಇಸಿದುಕೊಂಡರು. ತೊಟ್ಟಿಲು, ಮತ್ತೆ ತೊಟ್ಟಿಲು, ಆಮೇಲೆ ಮಡ್ ಡ್ರಮ್ಮಿನ ಒಳಭಾಗ. ಅವರ ಮುಖ ಬಾಡಿತು. ದನಿ ತಗ್ಗಿಸಿ, "ಯಾರಿಗಪ್ಪಾ ಎಂಡೋಸ್ಕೋಪಿ ಮಾಡ್ಸಿದ್ದು?" ಎಂದರು. ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಎಂದರೆ ನಂಬಲೇ ಇಲ್ಲ.

ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಬಾಯ್ಲರ್ ತಣಿಸಿ, ತೆರೆದು, ಇನ್ಸ್‌ಪೆಕ್ಟರಿಗೆ ತೋರಿಸುವುದು 1923ರ ಬಾಯ್ಲರ್ ಕಾಯ್ದೆಯ ಕಾಲದಿಂದ ಬಂದ ರೂಢಿ. ತಪಾಸಣೆಯ ವರದಿಗೆ ಫೋಟೋ ಸೇರಿಸುವ ಹುಚ್ಚು ಮಾತ್ರ ಮೊಬೈಲ್ ಬಂದ ಮೇಲಿನದು. ಫ್ಲ್ಯಾಶ್ ಹಾಕಿ ತೆಗೆದದ್ದು ನೋಡಲು ಚೆಂದ, ಉಪಯೋಗಕ್ಕೆ ಸೊನ್ನೆ. ನೇರ ಬೆಳಕಿಗೆ ಗೋಡೆ ಮಟ್ಟಸವಾಗಿ ಕಂಡು ತುಕ್ಕು ಕೊರೆದ ಗುಳಿಗಳೆಲ್ಲ ಮಾಯವಾಗುತ್ತವೆ. ಟಾರ್ಚನ್ನು ಗೋಡೆಗೆ ಆನಿಸಿ, ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವಂತೆ ಹಿಡಿದರೆ ಒಂದೊಂದು ಗುಳಿಯೂ ತನ್ನ ನೆರಳು ಚಾಚಿ ಸಿಕ್ಕಿಬೀಳುತ್ತದೆ. ಪಕ್ಕದಲ್ಲಿ ಸ್ಟೀಲಿನ ಅಳತೆಪಟ್ಟಿ ಇಡದಿದ್ದರೆ ಗುಳಿ 2 ಮಿಲಿಮೀಟರಿನದೋ 2 ಅಡಿಯದೋ ಬ್ರಹ್ಮನಿಗೂ ತಿಳಿಯದು.

ಆದರೆ ಫೋಟೋ ತೆಗೆಯಲು ಒಳಗೆ ಇಳಿಯಬೇಕಲ್ಲ! ಬಾಯ್ಲರಿನ ಮಡ್ ಡ್ರಮ್ಮಿನ ಬಾಗಿಲು ಅಂಡಾಕಾರದ್ದು, ಸುಮಾರು 16 ಇಂಚು ಉದ್ದ, 12 ಇಂಚು ಅಗಲ. ಗುಂಡಗಿದ್ದಿದ್ದರೆ ತೂತಿಗಿಂತ ದೊಡ್ಡ ಮುಚ್ಚಳವನ್ನು ಒಳಗೆ ತೂರಿಸಲು ಆಗುತ್ತಲೇ ಇರಲಿಲ್ಲ. ಅಂಡಾಕಾರವಾದ್ದರಿಂದ ಓರೆ ಮಾಡಿ ಒಳಗಿಳಿಸಿ, ಹೊರಕ್ಕೆ ಎಳೆದು ಕೂರಿಸಬಹುದು. ಹಬೆಯ ಒತ್ತಡ ಏರಿದಷ್ಟೂ ಅದು ಬಿಗಿಯಾಗುತ್ತದೆ. ಇದನ್ನು ಯೋಚಿಸಿದವನ ತಲೆಗೆ ಕೈಮುಗಿಯಬೇಕು. ನಮ್ಮ ಸೊಂಟದ ಬಗ್ಗೆ ಮಾತ್ರ ಮಹಾರಾಯ ಯೋಚಿಸಿದಂತಿಲ್ಲ. ಟ್ರೈನಿಯಾಗಿ ಸರಾಗವಾಗಿ ಇಳಿದವರು ಇಂಜಿನಿಯರಾಗುವಷ್ಟರಲ್ಲಿ ಹೆಗಲ ಹತ್ತಿರ ಸಿಕ್ಕಿಕೊಳ್ಳುತ್ತಾರೆ. ಮ್ಯಾನೇಜರಾದ ಮೇಲೆ "ಫೋಟೋ ಕಳ್ಸಿ, ಸಾಕು" ಎನ್ನುತ್ತಾರೆ. ವರದಿಗಳಿಗೆ ಇಷ್ಟೊಂದು ಫೋಟೋ ಏಕೆ ಬೇಕಾಯಿತೆಂಬುದಕ್ಕೆ ನನಗಂತೂ ಬೇರೆ ಕಾರಣ ತೋಚಿಲ್ಲ.

ನಿಜವಾಗಿ ಇಳಿಯುವವರು ಗುತ್ತಿಗೆಯ ಹುಡುಗರು. ಮೊದಲು ಒಂದು ಕೈ, ಆಮೇಲೆ ತಲೆ, ಹೆಗಲು ಓರೆ ಮಾಡಿ ಇನ್ನೊಂದು ಕೈ. 24 ವೋಲ್ಟಿನ ಹ್ಯಾಂಡ್ ಲ್ಯಾಂಪಿನ ಬೆಳಕಿನಲ್ಲಿ, ಆ ಸೆಕೆಯಲ್ಲಿ, ಟ್ಯೂಬಿನಿಂದ ಟ್ಯೂಬಿಗೆ ಬ್ರಷ್ ಹಾಕುತ್ತಾರೆ. ಹೊರಗೊಬ್ಬ ಬಾಗಿಲಲ್ಲೇ ಕೂತು ಆಗಾಗ ಹೆಸರು ಹಿಡಿದು ಕೂಗುತ್ತಿರುತ್ತಾನೆ. ಒಳಗಿನಿಂದ "ಓ" ಬಂದರೆ ಸರಿ. ಯಾವ ಟ್ಯೂಬಿನ ಬಾಯಿ ಸವೆದಿದೆ ಎಂದು ಡ್ರಾಯಿಂಗ್ ಹೇಳುವುದಿಲ್ಲ, ಅವರು ಬೆರಳಲ್ಲಿ ಸವರಿ ಹೇಳುತ್ತಾರೆ. ವರದಿಯ ಕಟ್ಟಪ್ಪಣೆಯೋ, ಫೋಟೋದಲ್ಲಿ ಮನುಷ್ಯರು ಬರಕೂಡದು! ಒಂದು ಕೈ ಬಿದ್ದರೂ ಕತ್ತರಿಸಬೇಕು. ಬಾಯ್ಲರ್ ತನ್ನನ್ನು ತಾನೇ ತೊಳೆದುಕೊಂಡು ಕೂತಂತೆ ಕಾಣಬೇಕು.

ಕಳೆದ ಸಲ ಅವರಲ್ಲೊಬ್ಬ, "ಸಾರ್, ನಂದೊಂದು ತೆಗೀರಿ. ಅದೇನು ಕೆಲ್ಸ ಮಾಡ್ತೀಯೋ ಅಂತ ಅವ್ವ ದಿನಾ ಕೇಳ್ತಾಳೆ" ಎಂದ. ತೆಗೆದೆ. ಅವನಿಗೂ ಕಳಿಸಿದೆ, ವರದಿಗೂ ಸೇರಿಸಿದೆ. ಕೆಳಗೆ 'ಅಳತೆಯ ಅಂದಾಜಿಗಾಗಿ' ಎಂದು ಬರೆದೆ. ಮೇಲಿನವರು ಸಹಿ ಹಾಕಿದರು.