ಅಡ್ಡರಸ್ತೆಗೆ ಹೇಳಿ ಮಾಡಿಸಿದ ಗಾಡಿ

ತ್ಯಾಗರಾಜನಗರದ ಅಡ್ಡರಸ್ತೆಗಳಲ್ಲಿ ಕಾರು ಓಡಿಸುವುದಕ್ಕಿಂತ ಕಾರಿನ ಬಾಗಿಲು ತೆರೆಯುವುದೇ ಕಷ್ಟ. ಬಸವನಗುಡಿಗೂ ಬನಶಂಕರಿಗೂ ನಡುವಿನ ಈ ಬಡಾವಣೆಯಲ್ಲಿ ಮನೆಗಳು ಒತ್ತೊತ್ತಾಗಿ ನಿಂತಿವೆ. ಕಾಂಪೌಂಡಿನ ಹೊರಗೆ ಸ್ಕೂಟರುಗಳ ಸಾಲು, ನಡುವೆ ತಳ್ಳುಗಾಡಿಯ ಸೊಪ್ಪು, ರಂಗೋಲಿ ತಪ್ಪಿಸಿ ಸೈಕಲ್ ತಿರುಗಿಸುವ ಹುಡುಗರು. ಇಂಥ ರಸ್ತೆಗೆ ಹೇಳಿ ಮಾಡಿಸಿದಂತೆ ಬಂದದ್ದು ಮಾರುತಿ ವ್ಯಾನ್.

1984ರಲ್ಲಿ ರಸ್ತೆಗಿಳಿದ ಈ ಗಾಡಿಗೆ 1988ರಲ್ಲಿ ‘ಓಮ್ನಿ’ ಎಂಬ ಹೆಸರು ಬಂತು. ಆದರೆ ಜನರ ಬಾಯಲ್ಲಿ ಅದು ‘ಮಾರುತಿ ವ್ಯಾನ್’ ಆಗಿಯೇ ಉಳಿಯಿತು. ಅಜ್ಜಿ, ತಾತ, ಅಪ್ಪ, ಅಮ್ಮ, ಮಕ್ಕಳು, ಜೊತೆಗೆ ಪುಳಿಯೋಗರೆ ಡಬ್ಬಿ, ನೀರಿನ ಕ್ಯಾನು, ಜಮಖಾನ ಎಲ್ಲವೂ ಹಿಡಿಸುತ್ತಿದ್ದ ಗಾಡಿ ಅದು. ಭಾನುವಾರ ಘಾಟಿ ಸುಬ್ರಹ್ಮಣ್ಯಕ್ಕೋ ಮೇಲುಕೋಟೆಗೋ ಹೊರಟರೆ ‘ನೀನು ಮನೆಯಲ್ಲಿರು’ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಸೋಮವಾರ ಅದೇ ಗಾಡಿ ಅಂಗಡಿಯ ಸಾಮಾನು ಹೊರುತ್ತಿತ್ತು. ಹಿಂದಿನ ಸೀಟು ತೆಗೆದರೆ ರೋಗಿಯನ್ನು ಮಲಗಿಸಿ ಒಯ್ಯುವ ಆಂಬುಲೆನ್ಸೂ ಆಗುತ್ತಿತ್ತು. ಸಿನಿಮಾದಲ್ಲಿ ಖಳನಾಯಕರು ನಾಯಕಿಯನ್ನು ಎತ್ತಿಹಾಕಿಕೊಂಡು ಹೋಗುವುದಕ್ಕೂ ಅದೇ ಬೇಕಾಗಿತ್ತು ಎಂಬುದು ಬೇರೆ ಮಾತು!

ಇಷ್ಟು ಜಾಗ ಎಲ್ಲಿಂದ ಬಂತು? ಲೆಕ್ಕ ನೋಡಿ. ಮಾರುತಿ 800 ಕಾರಿನ ಉದ್ದ 3,335 ಮಿಲಿಮೀಟರ್, ಓಮ್ನಿಯದು 3,370. ವ್ಯತ್ಯಾಸ ಒಂದೂವರೆ ಅಂಗುಲವೂ ಇಲ್ಲ. ಎರಡಕ್ಕೂ 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್. ಆದರೆ ಕಾರಿನಲ್ಲಿ ಎಂಜಿನ್ ಮುಂದಿನ ಮೂತಿಯೊಳಗೆ ಕೂತರೆ, ವ್ಯಾನಿನಲ್ಲಿ ಮುಂದಿನ ಸೀಟುಗಳ ಕೆಳಗೆ ಅಡಗಿತು. ಮೂತಿ ಉಳಿಯಿತು, ಆ ಜಾಗ ಮನುಷ್ಯರಿಗೆ ಸಿಕ್ಕಿತು. ಬೇಸಿಗೆಯಲ್ಲಿ ಸೀಟು ಬಿಸಿಯಾಗುತ್ತಿದ್ದ ಗುಟ್ಟೂ ಇದೇ. ಜಾರುವ ಬಾಗಿಲು ಇನ್ನೊಂದು ಜಾಣತನ. ಕೀಲಿನ ಬಾಗಿಲು ತೆರೆಯಲು ರಸ್ತೆಯನ್ನು ಸಾಲ ಕೇಳುತ್ತದೆ. ಜಾರುವ ಬಾಗಿಲು ಗಾಡಿಯ ಮೈಗೆ ಅಂಟಿಕೊಂಡೇ ಹಿಂದೆ ಸರಿಯುತ್ತದೆ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಯ ಜನ ಸುತ್ತಲಿನ ರಸ್ತೆಗಳಿಗೆಲ್ಲ ತುಂಬಿಕೊಂಡಾಗ ಇದರ ಬೆಲೆ ತಿಳಿಯುತ್ತದೆ.

ಆದರೆ ನಿಸರ್ಗ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಅಡ್ಡರಸ್ತೆಯಲ್ಲಿ ಕ್ರಿಕೆಟ್ ಆಡುವ ಮಕ್ಕಳು ವೇಗವಾಗಿ ಬಂದ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರಲ್ಲ, ಏಕೆ? ಚೆಂಡು ನಿಲ್ಲಲು ಹೆಚ್ಚು ದೂರ ಸಿಕ್ಕಷ್ಟೂ ಕೈಗೆ ಬೀಳುವ ಪೆಟ್ಟು ಕಡಿಮೆ. ಕಾರಿನ ಮೂತಿ ಮಾಡುವುದೂ ಇದನ್ನೇ. ಡಿಕ್ಕಿಯಾದಾಗ ಅದು ನಜ್ಜುಗುಜ್ಜಾಗಿ ಒಳಗಿರುವವರಿಗೆ ನಿಲ್ಲಲು ದೂರ ಕೊಡುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಅರ್ಧ ಮೀಟರಿನಲ್ಲಿ ನಿಂತರೆ, ಒಳಗಿರುವವರ ಮೇಲೆ ಸರಾಸರಿ ಅವರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. ಕಾಲು ಮೀಟರಿನಲ್ಲೇ ನಿಂತರೆ 40 ಪಟ್ಟು. ವ್ಯಾನಿನ ಚಾಲಕನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಇದ್ದದ್ದು ತೆಳು ತಗಡು ಮಾತ್ರ. ಕುಟುಂಬಕ್ಕೆ ಜಾಗ ಕೊಟ್ಟ ಉಪಾಯವೇ ಕುಟುಂಬದ ಮುಂದಿನ ಕಾವಲನ್ನು ತೆಗೆದುಹಾಕಿತ್ತು.

2019ರ ಅಕ್ಟೋಬರ್‌ನಿಂದ ಹಳೆಯ ಮಾದರಿಗಳಿಗೂ ಡಿಕ್ಕಿ ಪರೀಕ್ಷೆಯ ನಿಯಮ ಅನ್ವಯವಾಯಿತು. ಅದಕ್ಕೂ ಮುನ್ನವೇ ಅದೇ ವರ್ಷ ಓಮ್ನಿಯ ತಯಾರಿಕೆ ನಿಂತಿತು. ಮೂವತ್ತೈದು ವರ್ಷಗಳ ಸೇವೆ ಸಣ್ಣದಲ್ಲ. 2010ರಲ್ಲಿ ಬಂದ ಈಕೋ ಅದರ ಜಾಗದಲ್ಲಿ ದುಡಿಯುತ್ತಿದೆ. ಜಾರುವ ಬಾಗಿಲು ಹಾಗೇ ಇದೆ. ಉದ್ದ 3,675 ಮಿಲಿಮೀಟರಿಗೆ ಏರಿದೆ, ಮುಂದೆ ಪುಟ್ಟದೊಂದು ಮೂತಿಯೂ ಮೂಡಿದೆ.

ಹದಿನೈದು ವರ್ಷದ ನೋಂದಣಿ ಮುಗಿದ ಮೇಲೂ ಯೋಗ್ಯತಾ ಪರೀಕ್ಷೆ ಗೆದ್ದು ಓಡುವ ಹಳೆಯ ವ್ಯಾನುಗಳು ಇನ್ನೂ ಇವೆ. ಅವುಗಳ ವಿಶಾಲ ಹೊಟ್ಟೆ ನೋಡಿ ‘ಇನ್ನೊಬ್ಬ ಮಗು ತಾನೇ, ಹತ್ತಿಸಿಕೊಳ್ಳಿ’ ಎನ್ನುವ ಆಸೆ ಯಾರಿಗಾದರೂ ಬರುತ್ತದೆ. ಅಲ್ಲೇ ಅಪಾಯ. ಶಾಲೆಗೆ ಮಕ್ಕಳನ್ನು ಯಾವುದೇ ವ್ಯಾನಿನಲ್ಲಿ ಕಳುಹಿಸುವ ತಂದೆತಾಯಿ ಒಮ್ಮೆ ಒಳಗೆ ಇಣುಕಿ ಲೆಕ್ಕ ಹಾಕಲಿ: ಬೆಲ್ಟು ಎಷ್ಟು, ಮಕ್ಕಳೆಷ್ಟು? ಮಕ್ಕಳೇ ಈ ಲೆಕ್ಕ ಹಾಕಿ ಮನೆಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಗಾಡಿಯೊಳಗಿನ ಜಾಗ ಮನುಷ್ಯರಿಗಾಗಿ ಇರುವುದು ನಿಜ. ಆದರೆ ಅವರ ಮುಂದೆ ಖಾಲಿ ಬಿಟ್ಟ ಜಾಗವೂ ಅವರಿಗಾಗಿಯೇ ಇರುವುದು.