ಹೆಜ್ಜೆಯ ಲೆಕ್ಕ

ಸಂಖ್ಯೆಯಲ್ಲಿ ಮನುಷ್ಯನಿಗೆ ಮೊದಲಿನಿಂದಲೂ ವಿಶ್ವಾಸವುಂಟು. ಜಪಕ್ಕೆ ಮಣಿಗಳ ಲೆಕ್ಕ, ಪ್ರದಕ್ಷಿಣೆಗೆ ಸುತ್ತುಗಳ ಲೆಕ್ಕ, ವ್ರತಕ್ಕೆ ದಿನಗಳ ಲೆಕ್ಕ. ಮನೆಯಿಂದ ಪೇಟೆಗೆ ಹೋಗಿಬಂದ ನಡಿಗೆಯನ್ನು ಎಣಿಸುವ ಪದ್ಧತಿ ಮಾತ್ರ ಇರಲಿಲ್ಲ. ಈಗ ಆ ಕೊರತೆಯೂ ನೀಗಿದೆ. ಬೆಂಗಳೂರಿನಲ್ಲಿರುವ ಮಕ್ಕಳು ಊರಿಗೆ ಬರುವಾಗ ಹಣ್ಣುಹಂಪಲಿನೊಡನೆ ತಂದೆಗೆ ಒಂದು ಸ್ಮಾರ್ಟ್ ವಾಚನ್ನೂ ತರುತ್ತಾರೆ.

ಅರಸೀಕೆರೆಯ ವೃದ್ಧರೊಬ್ಬರ ಎಡಗೈಗೆ ಹೀಗೆಯೇ ಒಂದು ಗಡಿಯಾರ ಬಂದಿತು. ಅವರಿಗೆ ವಯಸ್ಸು 74; ಸಕ್ಕರೆಯ ರೋಗವೂ ಇತ್ತು. ಮಗನು ತಾನೇ ಅದನ್ನು ಕಟ್ಟಿ, “ದಿನಕ್ಕೆ 10,000 ಹೆಜ್ಜೆ ನಡೆಯಬೇಕು, ಅಪ್ಪ. ನೀವು ಇಲ್ಲಿ ನಡೆದದ್ದು ನನಗೆ ಅಲ್ಲಿ ಫೋನಿನಲ್ಲಿ ಕಾಣುತ್ತದೆ” ಎಂದು ಹೇಳಿ ಹೋದನು.

ಅಂದಿನಿಂದ ವೃದ್ಧರಿಗೆ ಹೊಸದೊಂದು ಅನುಷ್ಠಾನ ಪ್ರಾರಂಭವಾಯಿತು. ಬೆಳಗ್ಗೆ ಶಿವಾಲಯದವರೆಗೆ, ಸಂಜೆ ರೈಲ್ವೆ ನಿಲ್ದಾಣದ ಕಡೆಗೆ. ಇದರಿಂದ ಒಳ್ಳೆಯದಾಗಲಿಲ್ಲವೆಂದು ಹೇಳುವಂತಿಲ್ಲ. ಸಕ್ಕರೆ ಇಳಿಯಿತು, ನಿದ್ರೆ ಚೆನ್ನಾಗಿ ಬಂದಿತು. ಆದರೆ ಲೆಕ್ಕವು ಸಾಧನವಾಗಿದ್ದದ್ದು ಕ್ರಮೇಣ ಸಾಧ್ಯವೇ ಆಗಿಬಿಟ್ಟಿತು. ರಾತ್ರಿ ಊಟವಾದ ಮೇಲೆ 9,400 ಎಂದು ಕಂಡರೆ ಉಳಿದ 600ನ್ನು ಪಡಸಾಲೆಯಲ್ಲಿ ಸುತ್ತಿ ಮುಗಿಸಿದ ಹೊರತು ಅವರಿಗೆ ಸಮಾಧಾನವಿಲ್ಲ.

ಈ 10,000ವೆಂಬುದು ಶಾಸ್ತ್ರಪ್ರಮಾಣವೇನೂ ಅಲ್ಲ. ಟೋಕಿಯೋ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿಯು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದು ಅದಕ್ಕೆ ‘ಮಾನ್ಪೊಕೇ’, ಎಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’, ಎಂದು ಹೆಸರಿಟ್ಟಿತು. ಹೆಸರೇ ಮುಂದೆ ವಿಧಿಯಾಯಿತು. ಅಮೆರಿಕದಲ್ಲಿ ಸರಾಸರಿ 72 ವರ್ಷದ 16,741 ಮಂದಿ ಸ್ತ್ರೀಯರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿಯೇ, 2,700 ಹೆಜ್ಜೆಯವರಿಗಿಂತ, ಮರಣವು ಗಣನೀಯವಾಗಿ ಕಡಮೆಯಾಗಿದ್ದಿತು; 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ವೃದ್ಧರಿಗೆ ಇದು ತಿಳಿದಿರಲಿಲ್ಲ.

ಒಂದು ರಾತ್ರಿ ಹೀಗೆ ಸುತ್ತುತ್ತಿದ್ದಾಗ ಅವರ ಪತ್ನಿ ಕೋಣೆಯ ಬಾಗಿಲಲ್ಲಿ ವಾಕರನ್ನು ಹಿಡಿದು ನಿಂತಿದ್ದುದು ಕಣ್ಣಿಗೆ ಬಿದ್ದಿತು. ಆಕೆಗೆ ಮಂಡಿನೋವು, ಕತ್ತಲಾದ ಮೇಲೆ ಹಿತ್ತಿಲಿಗೆ ಹೋಗಲು ಜೊತೆ ಬೇಕು.

“ಕರೆಯಬಾರದಾಗಿತ್ತೆ?” ಎಂದರು.

“ನಿಮ್ಮ ಲೆಕ್ಕ ತಪ್ಪೀತು ಅಂತ ಕಾದಿದ್ದೆ” ಎಂದರು ಆಕೆ. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಆದುದರಿಂದಲೇ ಅದು ವೃದ್ಧರ ಮನಸ್ಸನ್ನು ನಾಟಿತು.

ಮರುದಿನ ಅವರು ಗಡಿಯಾರವನ್ನು ಬಿಚ್ಚಿ ಪತ್ನಿಯ ಕೈಗೆ ಕಟ್ಟಿದರು. ಆಕೆ ಎಂದಿನಂತೆ ವಾಕರನ್ನು ಊರುತ್ತ ಅಡಿಗೆಮನೆ, ದೇವರಮನೆ, ತುಳಸಿಕಟ್ಟೆಗಳ ನಡುವೆ ದಿನವೆಲ್ಲ ಓಡಾಡಿದರು. ಸಂಜೆ ನೋಡಿದರೆ 212. “ಇಷ್ಟೇಯೇ?” ಎಂದು ನಕ್ಕು, ಆಕೆ ಸುಮ್ಮನಾದರು. ವೃದ್ಧರು ತಾವೇ ಎಣಿಸಿದರು. ಕೋಣೆಯಿಂದ ತುಳಸಿಕಟ್ಟೆಗೆ ಆಕೆಗೆ 46 ಹೆಜ್ಜೆ, ಹೋಗಿಬಂದರೆ 92. ಅಂತಹ ಸಂಚಾರಗಳು ದಿನಕ್ಕೆ ಎಷ್ಟೋ!

ಕಾರಣವನ್ನು ಮೊಮ್ಮಗನು ಫೋನಿನಲ್ಲಿ ವಿವರಿಸಿದನು. ಮಣಿಕಟ್ಟಿನ ಯಂತ್ರವು ಕಾಲನ್ನು ಕಾಣದು. ಕೈಯ ಬೀಸನ್ನು ಗ್ರಹಿಸಿ ಹೆಜ್ಜೆಯನ್ನು ಊಹಿಸುತ್ತದೆ. ವಾಕರನ್ನು ಹಿಡಿದ ಕೈ ಬೀಸುವುದಿಲ್ಲ. ನಿಧಾನವಾಗಿ ಜಾರಿಸಿ ಇಟ್ಟ ಹೆಜ್ಜೆ ಅದರ ಪಾಲಿಗೆ ಹೆಜ್ಜೆಯೇ ಅಲ್ಲ. ಹರಡಿಗೆ ಕಟ್ಟಿದರೆ ಲೆಕ್ಕ ಹೆಚ್ಚು ಸರಿಯಾಗುವುದೆಂದೂ ಅವನು ಹೇಳಿದನು. “ಈ ವಯಸ್ಸಿಗೆ ಗೆಜ್ಜೆಯೊಂದು ಬಾಕಿಯಿತ್ತು” ಎಂದು ಅಜ್ಜಿ ಒಪ್ಪಲಿಲ್ಲ. ಅತ್ಯಂತ ಕಷ್ಟದಿಂದ ಇಟ್ಟ ಹೆಜ್ಜೆಯೇ ಲೆಕ್ಕಕ್ಕೆ ಸೇರದಿರುವುದು ವೃದ್ಧರಿಗೆ ವಿಚಿತ್ರವಾಗಿ ತೋರಿತು.

ಆ ವಾರವೇ ಅವರು ಒಂದು ಕಾರನ್ನು ಗೊತ್ತುಮಾಡಿ, ಜಾವಗಲ್ ಹಳೇಬೀಡುಗಳ ಮಾರ್ಗವಾಗಿ, ಪತ್ನಿಯನ್ನು ಬೇಲೂರಿಗೆ ಕರೆದೊಯ್ದರು. ಆಕೆ ಮೂರು ವರ್ಷಗಳಿಂದ ಕೇಳುತ್ತಿದ್ದ ಯಾತ್ರೆಯದು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಸನ್ನಿಧಿಯಲ್ಲಿ ಜಗತಿಯ ಮೆಟ್ಟಿಲೇರುವುದು ಆಕೆಗೆ ಸಾಧ್ಯವಿರಲಿಲ್ಲ. ಕೆಳಗೆ ಹಾಸುಗಲ್ಲಿನ ಅಂಗಳದಲ್ಲಿಯೇ ವಾಕರನ್ನು ಬಿಟ್ಟು, ಪತಿಯ ಎಡತೋಳನ್ನು ಎರಡು ಕೈಗಳಿಂದಲೂ ಹಿಡಿದು, ಅಲ್ಲಲ್ಲಿ ನಿಂತು, ಒಂದು ಪ್ರದಕ್ಷಿಣೆ ಮುಗಿಸಿದರು. ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಬೇಲೂರಿನಲ್ಲಿ ಒಂದು ಐತಿಹ್ಯವುಂಟು. ದೇವಿಯು ಬಾಬಾಬುಡನ್ ಗಿರಿಯಲ್ಲಿರುವಳಂತೆ. ಕೇಶವನು ಆಗಾಗ ಆಕೆಯನ್ನು ಕಾಣಲು ಅಲ್ಲಿಗೆ ನಡೆದು ಹೋಗುವನಂತೆ. ಅದಕ್ಕಾಗಿಯೇ ದೇವಸ್ಥಾನದಲ್ಲಿ ದೊಡ್ಡ ಪಾದರಕ್ಷೆಗಳು. ಅವು ಸವೆದಾಗ ಹೊಸವನ್ನು ಒಪ್ಪಿಸುವುದು ಚನ್ನಗಿರಿ, ಬಸವಾಪಟ್ಟಣಗಳ ಚಮ್ಮಾರರ ಸೇವೆಯೆಂದು ಹೇಳುತ್ತಾರೆ. ವೃದ್ಧರು ಇದನ್ನು ನೆನಪಿಸಿದಾಗ ಪತ್ನಿ, “ಸವೆದ ಜೋಡೇ ಅವನ ಲೆಕ್ಕ ಅನ್ನಿ. ಹೆಂಡತಿಗಾಗಿ ತಾನೆ ನಡೆದದ್ದು!” ಎಂದರು.

ರಾತ್ರಿ ಮಗನ ಫೋನು ಬಂದಿತು. ಧ್ವನಿಯಲ್ಲಿ ಗಾಬರಿ ಇದ್ದಿತು.

“ಯಾಕಪ್ಪ, ಮೈಯಲ್ಲಿ ಹುಷಾರಿಲ್ಲವೆ? ಇವತ್ತು 900 ಕೂಡ ಆಗಿಲ್ಲವಲ್ಲ?”

“ನಡೆದೆವಪ್ಪ” ಎಂದರು ವೃದ್ಧರು. “ನಿಮ್ಮಮ್ಮ ನನ್ನ ಎಡಗೈ ಹಿಡಿದಿದ್ದಳು.”